ಅಮ್ಮ ಬರುವ ದಿನದ ಬನ್ನು

ನದಿಯ ತಿರುವಿನಲ್ಲಿದ್ದ ನಿತ್ಯಬೋಧರ ಆಶ್ರಮದಲ್ಲಿ ಆ ದಿನ ಬೆಳಿಗ್ಗೆ ಪಾಠವಿರಲಿಲ್ಲ. ಬನ್ನು ಮಾಡುವುದಿತ್ತು.

ಮಾಡಬೇಕಾದವನು ಶಿಷ್ಯ ಸುಧನ್ವ. ತಿನ್ನಬೇಕಾದವರು ಅವನ ತಾಯಿ ಪದ್ಮಾಕ್ಷಮ್ಮ. ಅವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು.

ಹಿಂದಿನ ಸಲ ಬಂದಾಗ ಆ ತಾಯಿ ಮಗನನ್ನು ಕೇಳಿದ್ದು ಒಂದೇ ಮಾತು. "ಊಟ ಆಯ್ತೇನೋ?"

ಸುಧನ್ವ ಕಣ್ಣು ಅರೆಮುಚ್ಚಿ ಹೇಳಿದ್ದ: "ಉಣ್ಣುವವನು ಯಾರು, ಅಮ್ಮ?"

ಪದ್ಮಾಕ್ಷಮ್ಮ ತಾವೂ ಉಣ್ಣದೆ ಎದ್ದು ಹೊರಟುಹೋದರು.

ಈ ಸಲ ಅವರು ಮೊದಲು ಫೋನು ಮಾಡಿದರು. ಸುಧನ್ವನದು ಸೋಮವಾರದ ಮೌನ. ಗುರುಗಳೇ ಮಾತಾಡಬೇಕಾಯಿತು.

"ಇನ್ನೊಂದು ಸಲ ಬಂದು ನೋಡ್ತೀನಿ ಗುರುಗಳೇ," ಅಂದರು ಪದ್ಮಾಕ್ಷಮ್ಮ. "ಈ ಸಲವೂ ಅವನು ಹಾಗೇ ಮಾತಾಡಿದರೆ ಮತ್ತೆ ಬರೋದಿಲ್ಲ. ಇದ್ದ ಒಬ್ಬ ಮಗ ನಿಮ್ಮ ಹೊಳೆಗೆ ಹೋದ ಅಂದುಕೊಂಡು ಸುಮ್ಮನಾಗ್ತೀನಿ."

"ಹಾಗೇನೂ ಆಗೋದಿಲ್ಲ ತಾಯಿ," ಎಂದುಬಿಟ್ಟರು ಗುರುಗಳು. "ಊಟಕ್ಕೇ ಬನ್ನಿ."

"ಊಟ ಎಲ್ಲಿಂದ ಬಂತು? ಹಲ್ಲೆಲ್ಲ ಕೀಳಿಸಿದ್ದೀನಿ. ಹೊಸ ಸೆಟ್ಟು ಬರೋದಕ್ಕೆ ಇನ್ನೂ ದಿನ ಇದೆ. ಗಂಜಿ ಕುಡಿದೂ ಕುಡಿದೂ ಈಗ ಗಂಜಿ ಕಂಡರೆ ಅಳು ಬರತ್ತೆ."

ಪೂರ್ವಾಶ್ರಮದಲ್ಲಿ ನಿತ್ಯಬೋಧರು ಚಿಕ್ಕಪ್ಪನ ಬೇಕರಿಯಲ್ಲಿ ಹಿಟ್ಟು ನಾದಿದವರು. ಹಲ್ಲಿಲ್ಲದ ಬಾಯಿಗೆ ಏನು ಹಿತವೆಂದು ಅವರಿಗೆ ಗೊತ್ತಿತ್ತು. ಭಕ್ತರೊಬ್ಬರು ಕೊಟ್ಟುಹೋದ ಕರೆಂಟಿನ ಓವನ್ ಒಂದು ಅಡುಗೆಮನೆಯ ಮೂಲೆಯಲ್ಲಿ ಹಾಗೇ ಕೂತಿತ್ತು. ಆದರೆ ಬನ್ನನ್ನು ಮಗನೇ ಮಾಡಬೇಕು ಎಂದು ಅವರು ನಿಶ್ಚಯಿಸಿದರು.

ಬನ್ನು ಕಷ್ಟವಲ್ಲ. ಸುಧನ್ವ ಕಷ್ಟ.

ಬಂದು ವರ್ಷವಾಗಿತ್ತು. ಗುರುಗಳು ಏನು ಹೇಳಿದರೂ ಅವನು ಅದರೊಳಗೆ ಇನ್ನೇನನ್ನೋ ಹುಡುಕುತ್ತಿದ್ದ. "ಬಾಗಿಲು ಹಾಕು, ಸೊಳ್ಳೆ ಬರುತ್ತೆ" ಎಂದರೆ ಇಂದ್ರಿಯನಿಗ್ರಹದ ಉಪದೇಶವಾಯಿತೆಂದು ಸಾಷ್ಟಾಂಗ ನಮಸ್ಕಾರ ಮಾಡುತ್ತಿದ್ದ. ಬಾಗಿಲು ಮಾತ್ರ ಹಾಕುತ್ತಿರಲಿಲ್ಲ.

"ಮೊದಲು ಹಾಲು," ಎಂದರು ಗುರುಗಳು. "ಉಗುರುಬೆಚ್ಚಗೆ ಮಾಡು. ಸಕ್ಕರೆ ಹಾಕಿ ಯೀಸ್ಟ್ ಉದುರಿಸು. ಹಾಲು ಸುಡುತ್ತಿದ್ದರೆ ಯೀಸ್ಟ್ ಸತ್ತುಹೋಗುತ್ತೆ, ನೆನಪಿರಲಿ."

ಸುಧನ್ವ ಪಾತ್ರೆಯನ್ನು ಒಲೆಯ ಮೇಲಿಟ್ಟು ಗಂಭೀರನಾದ.

"ತಾಪ ಹೆಚ್ಚಾದರೆ ಸಾಧಕ ಬೆಂದುಹೋಗುತ್ತಾನೆ. ಕಡಿಮೆಯಾದರೆ ಏಳುವುದೇ ಇಲ್ಲ. ತಪಸ್ಸಿನ ಹದ ಹೇಳುತ್ತಿದ್ದೀರಿ."

"ಹಾಲಿನ ಹದ ಹೇಳುತ್ತಿದ್ದೇನೆ."

"ಹಾಲು ಅಂದರೆ ಚಿತ್ತವೇ, ಗುರುಗಳೇ?"

"ಹಾಲು ಅಂದರೆ ಅಲ್ಲಿ ಉಕ್ಕುತ್ತಿರುವುದು."

ಸುಧನ್ವ ತಿರುಗುವಷ್ಟರಲ್ಲಿ ಅರ್ಧ ಹಾಲು ಒಲೆಯ ಪಾಲಾಗಿತ್ತು. ಗಾಬರಿಯಲ್ಲಿ ಅವನು ಉಳಿದ ಕುದಿಹಾಲಿಗೇ ಯೀಸ್ಟ್ ಸುರಿದ. ಇಬ್ಬರೂ ಬಗ್ಗಿ ನೋಡುತ್ತ ಕುಳಿತರು. ನೊರೆ ಬರಲಿಲ್ಲ. ಒಂದು ಗುಳ್ಳೆಯೂ ಏಳಲಿಲ್ಲ.

"ಎಷ್ಟು ನಿಶ್ಚಲವಾಗಿದೆ," ಎಂದ ಸುಧನ್ವ ಮೆಲ್ಲಗೆ. "ಸಮಾಧಿಯೇ?"

"ಸಾವು," ಎಂದರು ಗುರುಗಳು. "ಹಿತ್ತಲಿಗೆ ಚೆಲ್ಲಿ ಬಾ."

ಎರಡನೆಯ ಸಲ ಅವರು ಮಾತಾಡಲಿಲ್ಲ. ಶಿಷ್ಯನ ಬೆರಳು ಹಿಡಿದು ಹಾಲಿನಲ್ಲಿ ಅದ್ದಿದರು. ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಹಾಲಿನ ಮೇಲೆ ನೊರೆ ಕಟ್ಟಿತು. ಸುಧನ್ವ ಬಾಯಿ ತೆರೆದ. ಗುರುಗಳು ಅವನ ಮುಂದೆ ಮೈದಾದ ಡಬ್ಬಿ ಇಟ್ಟರು.

ನಾದುವಾಗ ಹೊಸ ತಕರಾರು ಶುರುವಾಯಿತು.

"ಕೈಗೆಲ್ಲ ಮೆತ್ತಿಕೊಳ್ಳುತ್ತಿದೆ ಗುರುಗಳೇ. ಇನ್ನೊಂದು ಹಿಡಿ ಮೈದಾ ಹಾಕುತ್ತೇನೆ."

"ಬೇಡ. ಹಾಕಿದರೆ ಕಲ್ಲಾಗುತ್ತೆ. ಮೆತ್ತಿಕೊಳ್ಳಲಿ, ನಾದುತ್ತಾ ಹೋಗು. ಅದೇ ಕೈ ಬಿಡುತ್ತೆ."

ಸುಧನ್ವನ ಕಣ್ಣು ಹೊಳೆಯಿತು. ಗುರುಗಳಿಗೆ ಆ ಹೊಳಪು ಗೊತ್ತು. ಅವರು ಹಣೆ ಒತ್ತಿಕೊಂಡರು.

"ಸಂಸಾರದಲ್ಲಿದ್ದೂ ಸಂಸಾರ ಸೋಕದಂತೆ, ತಾವರೆ ಎಲೆಯ ಮೇಲಿನ ನೀರಿನಂತೆ…"

"ತಾವರೆ ಎಲೆಯನ್ನು ಅಡುಗೆಮನೆಗೆ ತರಬೇಡ. ನಾದು."

"ಎಲ್ಲಿಯವರೆಗೆ?"

"ತೋಳು ನೋಯುವವರೆಗೆ."

"ದೇಹಬುದ್ಧಿ ಅಳಿಯುವ ತನಕ ಎಂದು ತಾನೇ?"

"ತೋಳು ನೋಯುವವರೆಗೆ ಕಣೋ, ಪುಣ್ಯಾತ್ಮ."

ಬೆಣ್ಣೆ ಸೇರಿಸಿದ ಮೇಲೆ ಹಿಟ್ಟು ನುಣುಪಾಯಿತು. ಕೈಯನ್ನೂ ಬಿಟ್ಟಿತು. ಗುರುಗಳು ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ ಒಲೆಯ ಪಕ್ಕ ಇಟ್ಟರು. "ಎರಡರಷ್ಟಾಗಲಿ. ಆದ ಕೂಡಲೇ ಬಂದು ಹೇಳು" ಎಂದು ಸ್ನಾನಕ್ಕೆ ಹೊಳೆಗೆ ಇಳಿದರು. ನೀರಿನಲ್ಲಿ ನಿಂತು ಸಹನೆಗಾಗಿ ಪ್ರಾರ್ಥಿಸಿದರು. ಶಿಷ್ಯನ ಸಹನೆಗಲ್ಲ.

ಎಷ್ಟು ಹೊತ್ತಾದರೂ ಸುಧನ್ವ ಬರಲಿಲ್ಲ.

ಹೋಗಿ ನೋಡಿದರೆ ಅವನು ಪಾತ್ರೆಯ ಮುಂದೆ ಪದ್ಮಾಸನ ಹಾಕಿ ಕೂತಿದ್ದ. ಕಣ್ಣು ಮುಚ್ಚಿತ್ತು. ಹಿಟ್ಟು ಉಬ್ಬಿ, ಬಟ್ಟೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಪಾತ್ರೆಯ ಅಂಚು ದಾಟಿ ಇಳಿಯುತ್ತಿತ್ತು.

"ಏನು ಮಾಡುತ್ತಿದ್ದೀಯಪ್ಪ?"

"ಎರಡರಷ್ಟಾಗಲಿ ಎಂದಿರಿ. ನೀವೋ ಅದ್ವೈತಿಗಳು. ಎರಡು ಎಂದು ನಿಮ್ಮ ಬಾಯಲ್ಲಿ ಹೇಗೆ ಬಂತು? ಅದನ್ನೇ ವಿಚಾರ ಮಾಡುತ್ತಿದ್ದೆ."

ಗುರುಗಳು ಗೋಡೆಗೆ ಒರಗಿ ಕುಳಿತರು. ಮಧ್ಯಾಹ್ನ ಹತ್ತಿರವಾಗುತ್ತಿತ್ತು. ಆ ತಾಯಿ ಈಗಾಗಲೇ ಬಸ್ಸಿನಲ್ಲಿರುತ್ತಾರೆ. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, ಮಗ ಏನು ಹೇಳುತ್ತಾನೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ. ಇವನು ಇಲ್ಲಿ ಹಿಟ್ಟಿನ ಮುಂದೆ ಬ್ರಹ್ಮವಿಚಾರ ಮಾಡುತ್ತಿದ್ದಾನೆ. ಬೇಕರಿಯಲ್ಲೇ ಇದ್ದುಬಿಡಬೇಕಿತ್ತು ಎಂದು ಒಂದು ಕ್ಷಣ ಅನ್ನಿಸಿತು.

"ಉಂಡೆ ಕಟ್ಟು," ಎಂದರು.

ಸುಧನ್ವ ಅರ್ಧ ಹಿಟ್ಟನ್ನು ಉಂಡೆ ಕಟ್ಟಿದ. ಬೆಣ್ಣೆ ಸವರಿದ ಟ್ರೇಯಲ್ಲಿ ಮಡಿಯಲ್ಲಿ ಕೂತವರಂತೆ ಒಂದಕ್ಕೊಂದು ಸೋಕದ ಹಾಗೆ ದೂರ ದೂರ ಇಟ್ಟ. ಗುರುಗಳು ಎಲ್ಲವನ್ನೂ ಒಂದು ಕಡೆಗೆ ಸರಿಸಿ ಒತ್ತೊತ್ತಾಗಿ ಕೂರಿಸಿದರು.

"ತಾಗಿಕೊಂಡಿರಲಿ. ದೂರ ಇಟ್ಟರೆ ಸುತ್ತಲೂ ಗಟ್ಟಿಯಾಗುತ್ತೆ. ತಾಗಿದ ಪಕ್ಕ ಮೆತ್ತಗಿರುತ್ತೆ."

ಸುಧನ್ವ ಎರಡೂ ಕೈ ಜೋಡಿಸಿದ. "ಸತ್ಸಂಗದ ಮಹಿಮೆಯನ್ನು ಇಷ್ಟು ಸರಳವಾಗಿ…"

ಗುರುಗಳು ಟ್ರೇಯಿಂದ ಒಂದು ಉಂಡೆ ತೆಗೆದು ಅವನ ಬಾಯಿಗೆ ತುರುಕಿದರು.

ಮಾತು ನಿಂತಿತು. ಸುಧನ್ವ ಅಗಿಯಲೂ ಆಗದೆ ಉಗಿಯಲೂ ಆಗದೆ ನಿಂತ. ಗುರುಗಳು ಟ್ರೇಯತ್ತ ಬೆರಳು ತೋರಿಸಿದರು. ಅವನು ಬಾಯಿ ಉಬ್ಬಿಸಿಕೊಂಡೇ ಉಳಿದ ಹಿಟ್ಟನ್ನು ಉಂಡೆ ಕಟ್ಟತೊಡಗಿದ. ಅವನ ಕೈ ಹಿಟ್ಟಿನ ಮೇಲೆ ಆಡುವುದನ್ನು ಗುರುಗಳು ನೋಡಿದರು. ಉಂಡೆಗಳು ದುಂಡಗೆ ಬರುತ್ತಿದ್ದವು.

ಕೊನೆಯ ಉಂಡೆ ಇಟ್ಟ ಮೇಲೆ ಅವನು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದ. ಬಂದು ಟ್ರೇಯನ್ನೇ ನೋಡುತ್ತ ನಿಂತ.

"ಗುರುಗಳೇ."

"ಹೇಳು." ಗುರುಗಳ ಕೈ ಇನ್ನೊಂದು ಉಂಡೆಯ ಮೇಲಿತ್ತು.

"ಆವತ್ತು ಅಮ್ಮ ಊಟ ಆಯ್ತಾ ಅಂದಳು. ಆಯ್ತು ಅಂದರೆ ಏನಡುಗೆ ಅನ್ನುತ್ತಾಳೆ. ಆಮೇಲೆ ನಿದ್ದೆ ಬರುತ್ತಾ ಅನ್ನುತ್ತಾಳೆ. ಆಮೇಲೆ ಮನೆಗೆ ಬಾ ಅನ್ನುತ್ತಾಳೆ. ಅವಳು ಹಾಗೆ ಕರೆದರೆ ನಾನು ಹೊರಟುಬಿಡುತ್ತೇನೆ. ಆ ಹೆದರಿಕೆಗೆ ಮೊದಲ ಮಾತಿಗೇ ಮುಗಿಸಿಬಿಟ್ಟೆ."

ಗುರುಗಳು ಉಂಡೆಯಿಂದ ಕೈ ತೆಗೆದರು. ಈ ಹುಡುಗ ಒಂದು ವರ್ಷದಲ್ಲಿ ಆಡಿದ ಮೊದಲ ನೇರ ಮಾತು ಅದು. ಏನಾದರೂ ಹೇಳಬೇಕೆನ್ನಿಸಿತು. ಹೇಳಿದರೆ ಅದಕ್ಕೂ ಅರ್ಥ ಹಚ್ಚುತ್ತಾನೆ.

"ಇನ್ನೊಂದು ಸಲ ಉಬ್ಬಲಿ," ಎಂದರು. "ಅಷ್ಟರಲ್ಲಿ ಓವನ್ ಕಾಯಿಸು."

ಬನ್ನು ಹೊರಗೆ ಬರುವುದಕ್ಕೂ ಪದ್ಮಾಕ್ಷಮ್ಮ ಅಡುಗೆಮನೆಯ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಸುಧನ್ವ ಬಿಸಿ ಬನ್ನುಗಳ ಮೇಲೆ ಬೆಣ್ಣೆ ಸವರುತ್ತಿದ್ದ. ಕೆಂಪಗಿನ ಮೈ ಮಿರಮಿರ ಮಿನುಗುತ್ತಿತ್ತು.

"ಏನೋ ಇದು?" ಅಂದರು ಪದ್ಮಾಕ್ಷಮ್ಮ ಸೆರಗಿನ ಹಿಂದಿನಿಂದ. "ನೀನು ಮಾಡಿದ್ದಾ? ಮನೆಯಲ್ಲಿ ನೀರು ಕಾಯಿಸೋದಕ್ಕೂ ಬರ್ತಿರಲಿಲ್ಲವಲ್ಲೋ ನಿನಗೆ."

ಗುರುಗಳು ಕಂಬದ ಪಕ್ಕ ಉಸಿರು ಬಿಗಿಹಿಡಿದು ನಿಂತರು. ಮಾಡುವವನು ಯಾರು ಎಂಬ ಮಾತು ಅವನ ತುಟಿಯವರೆಗೆ ಬಂದದ್ದು ಅವರಿಗೆ ಕಾಣಿಸಿತು. ಅಲ್ಲೇ ಒಂದು ಕ್ಷಣ ನಿಂತದ್ದೂ ಕಾಣಿಸಿತು.

"ನಾನೇ ಮಾಡಿದೆ ಅಮ್ಮ," ಎಂದ ಸುಧನ್ವ. "ಒಂದು ಸಲ ಹಾಳು ಮಾಡಿ, ಆಮೇಲೆ ಮಾಡಿದೆ."

ಗುರುಗಳು ಉಸಿರು ಬಿಟ್ಟರು.

ಅವನು ಒಂದು ಬನ್ನನ್ನು ಪಕ್ಕದವುಗಳಿಂದ ಬಿಡಿಸಿದ. ಎಳೆಎಳೆಯಾಗಿ ಬಿಟ್ಟುಕೊಂಡಿತು. ಹಬೆ ಎದ್ದಿತು. ಸಣ್ಣ ಸಣ್ಣ ತುಂಡು ಮಾಡಿ, ಊದಿ, ತಾಯಿಯ ಕೈಗೆ ಕೊಟ್ಟ. ಪದ್ಮಾಕ್ಷಮ್ಮ ಸೆರಗು ಸರಿಸಿ ಒಂದು ತುಂಡು ಬಾಯಿಗೆ ಹಾಕಿಕೊಂಡರು. ವಸಡು ಮೆಲ್ಲಗೆ ಆಡಿತು. ಬಹಳ ಹೊತ್ತು ಆಡಿತು.

"ಹೇಗಿದೆ?"

"ಉಪ್ಪು ಹಾಕಿಲ್ಲ."

ಸುಧನ್ವ ಗುರುಗಳನ್ನು ನೋಡಿದ. ಗುರುಗಳು ಹೊಳೆ ನೋಡಿದರು. ಸಿಟ್ಟಿನ ಭರದಲ್ಲಿ ಅವರಿಗೂ ಅದು ಮರೆತುಹೋಗಿತ್ತು.

"ಇನ್ನೊಂದು ಕೊಡು," ಅಂದರು ಪದ್ಮಾಕ್ಷಮ್ಮ.

ಗುರುಗಳು ಜಗುಲಿಗೆ ಹೋಗಿ ಕುಳಿತರು. ಒಳಗಿನ ಮಾತು ಅಲ್ಲಿಗೂ ಕೇಳುತ್ತಿತ್ತು. ಪಕ್ಕದ ಮನೆಯವರು ಮತ್ತೆ ಬೇಲಿ ಸರಿಸಿದ ಸುದ್ದಿ. ಹಲ್ಲಿನ ಡಾಕ್ಟರು ಬಾಯೊಳಗೆ ಕೈಹಾಕಿಕೊಂಡೇ ಫೋನಿನಲ್ಲಿ ಮಾತಾಡಿದ ಕಥೆ. ಸುಧನ್ವ ನಕ್ಕ. ಅವನ ನಗು ಹೇಗಿರುತ್ತದೆಂದು ಗುರುಗಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಪದ್ಮಾಕ್ಷಮ್ಮನ ಧ್ವನಿ ತಗ್ಗಿತು.

"ಮನೆಗೆ ಬರ್ತೀಯೇನೋ?"

ಗುರುಗಳು ಜಪಮಣಿ ಹಿಡಿದ ಬೆರಳನ್ನು ನಿಲ್ಲಿಸಿದರು.

"ಬರಬೇಕು ಅನ್ನಿಸತ್ತೆ ಅಮ್ಮ. ಈಗ ಬರಲ್ಲ."

"ಅಷ್ಟೇ ತಾನೆ?" ಅಂದರು ಪದ್ಮಾಕ್ಷಮ್ಮ. "ಹಾಗೆ ಹೇಳಿದರೆ ನನಗೆ ತಿಳಿಯಲ್ವೇನೋ? ಹೊಸ ಹಲ್ಲು ಕಟ್ಟಿಸಿಕೊಂಡು ಬರ್ತೀನಿ. ಆಗ ಬನ್ನು ಗಟ್ಟಿಯಾದರೂ ಪರವಾಗಿಲ್ಲ. ಉಪ್ಪು ಮಾತ್ರ ಹಾಕು."

ಹೊರಡುವ ಹೊತ್ತಾಯಿತು. ಉಳಿದ ಬನ್ನುಗಳನ್ನು ಸುಧನ್ವ ಬಟ್ಟೆಯಲ್ಲಿ ಸುತ್ತಿ ತಾಯಿಯ ಚೀಲಕ್ಕೆ ಹಾಕಿದ. ಆಶ್ರಮದ ತೋಟದ ತೆಂಗಿನಕಾಯಿಗಳನ್ನು ಗುರುಗಳು ಪಕ್ಕದಲ್ಲಿ ತುಂಬಿದರು. ಪದ್ಮಾಕ್ಷಮ್ಮ ಕೈಮುಗಿದು ಜಗುಲಿ ಇಳಿದು, ಮೇಲಿನ ರಸ್ತೆಗೆ ಹೋಗುವ ಮೆಟ್ಟಿಲಿನತ್ತ ನಡೆದರು.

ಸುಧನ್ವ ಗುರುಗಳ ಮುಂದೆ ಮಂಡಿಯೂರಿ ಕುಳಿತ. ಕಣ್ಣಿನಲ್ಲಿ ಅದೇ ಹೊಳಪು.

"ಗುರುಗಳೇ, ಈಗ ತಿಳಿಯಿತು. ಬನ್ನು ಬರೀ ನೆಪ. ಹಾಲು, ಹಿಟ್ಟು, ಬೆಂಕಿ, ಕೊನೆಗೆ ಮರೆತ ಆ ಉಪ್ಪು ಸಹ, ಇಡೀ ದಿನ ನೀವು ನನಗೆ ಹೇಳುತ್ತಿದ್ದದ್ದು…"

ಗುರುಗಳು ಅವನ ಹೆಗಲ ಮೇಲಿಂದ ಆಚೆ ನೋಡಿದರು.

"ಅಲ್ಲಿ ನಿಮ್ಮಮ್ಮ ಚೀಲವನ್ನು ತಾವೇ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ."