ಮೂರನೆಯ ಕ್ಯಾಮ್‌ಶಾಫ್ಟ್

"ಗುರುಗಳೇ, ಗಟ್ಟಿ ಜನರನ್ನು ಎಲ್ಲಿ ಹುಡುಕಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಾಳಿಂಗ. ಹಮಾಲರ ಸಂಘ ಕಟ್ಟುತ್ತಿದ್ದವನು. ಲಾಠಿಗೂ ಬಗ್ಗದವನು, ಜೈಲಿಗೂ ಬಗ್ಗದವನು. ಗುರು ಅದೇ ಸಂಘದ ಜಗಲಿಯಲ್ಲಿ ಮೂಟೆ ಹೊರುವವರಿಗೆ ಅಕ್ಷರ ಕಲಿಸುತ್ತಿದ್ದ ಮುದುಕ.

"ಏನಾಯಿತು?" ಎಂದ ಗುರು.

"ಮೂರು ವರ್ಷದಲ್ಲಿ ಇಬ್ಬರು ಕಾರ್ಯದರ್ಶಿಗಳು ಬಿಟ್ಟುಹೋದರು. ಈಗ ಮೂರನೆಯವನು, ದ್ಯಾವಪ್ಪ, ಕೈಲಾಗದು ಎಂದು ಕೂತಿದ್ದಾನೆ. ಎಲ್ಲ ಜೊಳ್ಳು. ನಾಳೆ ಸಭೆಯಲ್ಲಿ ಅವನ ಹೆಸರು ಹೊಡೆದುಹಾಕುತ್ತೇನೆ."

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದ.

ಒಬ್ಬ ಮೆಕ್ಯಾನಿಕ್ ಇದ್ದ. ಹಳೆಯ ಕಾರುಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಆ ಊರಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಬಿಚ್ಚಿದ ಒಂದೊಂದು ಭಾಗವನ್ನೂ ತೂತು ಕೊರೆದ ಹಲಗೆಯಲ್ಲಿ ನಂಬರು ಹಾಕಿ ನಿಲ್ಲಿಸುತ್ತಿದ್ದ. ಒಂದನ್ನು ಇನ್ನೊಂದರ ಜಾಗಕ್ಕೆ ಹೋಗಲು ಬಿಡುತ್ತಿರಲಿಲ್ಲ. ಮೈಗಳ್ಳನಲ್ಲ, ಮೋಸಗಾರನಲ್ಲ. ಅವನಿಗೆ ಇದ್ದದ್ದು ಒಂದೇ ಹುಚ್ಚು. ಯಾವುದಾದರೂ ಗಟ್ಟಿಯಾಗಿದ್ದರೆ ಅದು ಒಳ್ಳೆಯದು ಎಂದು ನಂಬಿದ್ದ.

ಒಬ್ಬ ವ್ಯಾಪಾರಿ ತನ್ನ ಹಳೆಯ ಕಾರನ್ನು ಅವನಲ್ಲಿಗೆ ತಂದ. ಅದನ್ನು ನೋಡಿ ಮೆಕ್ಯಾನಿಕ್‌ನ ಕಣ್ಣು ತುಂಬಿತು. ಅವನು ಕೆಲಸ ಕಲಿತದ್ದೇ ಆ ಕಾರಿನ ಕೆಳಗೆ ಮಲಗಿ. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು.

ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಎಂಬ ಕಬ್ಬಿಣದ ದಂಡ ಇರುತ್ತದೆ. ದಂಡದ ಮೈಮೇಲೆ ಉಬ್ಬುಗಳಿರುತ್ತವೆ. ದಂಡ ತಿರುಗಿದಾಗ ಉಬ್ಬು, ಗಾಳಿ ಒಳಗೆ ಹೊರಗೆ ಬಿಡುವ ವಾಲ್ವನ್ನು ಎತ್ತುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗು ವಾಲ್ವನ್ನು ಒತ್ತಿ ಮುಚ್ಚುತ್ತದೆ. ಒಂದು ಎತ್ತಬೇಕು, ಒಂದು ಒತ್ತಬೇಕು. ಎಂಜಿನ್ನಿನ ಉಸಿರು ನಡೆಯುವುದು ಹೀಗೆ.

ಮೆಕ್ಯಾನಿಕ್‌ನ ಹತ್ತಿರ ರೇಸಿನ ಕಾರಿಗೆಂದು ಮಾಡಿದ ಎಂಟು ಸ್ಪ್ರಿಂಗುಗಳಿದ್ದವು. ಎರಡು ಕೈ ಸೇರಿಸಿ ಅದುಮಿದರೂ ಬಗ್ಗದಂಥವು. ತಾನು ಪ್ರೀತಿಸುವ ಕಾರಿಗೆ ಇರುವುದರಲ್ಲೇ ಗಟ್ಟಿಯಾದದ್ದು ಸಲ್ಲಬೇಕು ಎಂದು ಹಳೆಯ ಸ್ಪ್ರಿಂಗುಗಳನ್ನು ತೆಗೆದು ಇವನ್ನು ಹಾಕಿದ.

ಮೂರು ತಿಂಗಳಲ್ಲಿ ಎಂಜಿನ್ ಟಕಟಕ ಎಂದಿತು. ಬಿಚ್ಚಿ ನೋಡಿದರೆ ದಂಡದ ಉಬ್ಬುಗಳು ಸವೆದು ಚಪ್ಪಟೆಯಾಗಿದ್ದವು. "ಕಳಪೆ ಮಾಲು" ಎಂದು ಅದನ್ನು ಮೂಲೆಗೆಸೆದ. ಎಲ್ಲೆಲ್ಲೋ ಅಲೆದು ಎರಡನೆಯದನ್ನು ತಂದ. ಅದೂ ಸವೆಯಿತು. ಅದಕ್ಕೂ ಅದೇ ಬೈಗುಳ. ಸೋತದ್ದನ್ನು ಬೈಯಲು ಯಾವ ಅಳತೆಯೂ ಬೇಡ, ಬಾಯಿದ್ದರೆ ಸಾಕು. ಲೋಕದ ಯಜಮಾನರೆಲ್ಲ ಮಾಡುವುದು ಇದನ್ನೇ. ಬಡ ಮೆಕ್ಯಾನಿಕ್ಕೂ ಅದನ್ನೇ ಮಾಡಿದ.

ಮೂರನೆಯ ದಂಡ ಒಂದು ಗುಜರಿಯಲ್ಲಿ ಸಿಕ್ಕಿತು. ಅದೇ ಕೊನೆಯದು. ವ್ಯಾಪಾರಿ ಬಂದು ಹೇಳಿದ: "ನೋಡಪ್ಪ, ನಿನ್ನ ಮುಖ ನೋಡಿ ಇಷ್ಟು ದಿನ ಸುಮ್ಮನಿದ್ದೆ. ಇದೂ ಹೋದರೆ ಕಾರು ಗುಜರಿಗೇ."

ಮೆಕ್ಯಾನಿಕ್ ಆ ದಂಡವನ್ನು ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಹಿಡಿದಂತೆ ಹಿಡಿದು, ಎಂಜಿನ್ ಭಾಗಗಳಿಗೆ ಸಾಣೆ ಹಿಡಿಯುವ ಗ್ರೈಂಡಿಂಗ್ ಅಂಗಡಿ ನಡೆಸುತ್ತಿದ್ದ ಒಬ್ಬ ವಿಧವೆಯ ಬಳಿಗೆ ಹೋದ.

"ಅಕ್ಕಾ, ಇದಕ್ಕೆ ಇನ್ನೊಂದು ಸಲ ಹದ ಹಾಕಿ ಗಟ್ಟಿ ಮಾಡಿಸಿಕೊಡು."

"ಮೊದಲಿನವೆರಡು ಯಾಕೆ ಹೋದವು ಮೇಸ್ತ್ರಿ?"

"ಜೊಳ್ಳು ಮಾಲು."

"ಯಾರಂದ್ರು?"

"ಅನ್ನೋದೇನಕ್ಕಾ, ಸವೆದಿದ್ದು ಅದೇ ಅಲ್ವಾ?"

"ಸವೆದಿದ್ದು ಯಾವುದು ಅಂತ ಕುರುಡನೂ ಬೆರಳಾಡಿಸಿ ಹೇಳ್ತಾನೆ. ಸವೆಸಿದ್ದು ಯಾವುದು ಅಂತ ತಿಳೀಬೇಕಾದ್ರೆ ತೂಗಬೇಕು. ಹೋಗು, ಹಳೇ ಸ್ಪ್ರಿಂಗು ಹೊಸ ಸ್ಪ್ರಿಂಗು ಎರಡೂ ತಗೊಂಬಾ."

ಅವನು ತಂದ. ಅವಳು ಮೂಟೆ ತೂಗುವ ಯಂತ್ರದ ಮೇಲೆ ಹಳೆಯ ಸ್ಪ್ರಿಂಗನ್ನು ನಿಲ್ಲಿಸಿ, ಎಂಜಿನ್ನಿನಲ್ಲಿ ಎಷ್ಟು ಎತ್ತರಕ್ಕೆ ಕೂರುತ್ತದೋ ಅಷ್ಟು ಎತ್ತರಕ್ಕೆ ಮೇಲಿನಿಂದ ತಿರುಪಿನ ಪ್ರೆಸ್ಸಿನಲ್ಲಿ ಅದುಮಿದಳು. ಮುಳ್ಳು ಇಪ್ಪತ್ತೈದು ಕಿಲೋ ತೋರಿಸಿತು. ರೇಸಿನ ಸ್ಪ್ರಿಂಗನ್ನು ಅಷ್ಟೇ ಅದುಮಿದಳು. ಐವತ್ತೆಂಟು.

"ಈ ಕಾರು ಎಷ್ಟು ಜೋರಾಗಿ ಓಡುತ್ತೆ?" ಎಂದು ಕೇಳಿದಳು.

"ನಲವತ್ತು. ಇಳಿಜಾರಲ್ಲಿ ಐವತ್ತು."

"ಗಾಡಿ ಎಳೆಯೋ ಎತ್ತಿಗೆ ರೇಸ್ ಕುದುರೆ ಕಡಿವಾಣ ಹಾಕಿದ್ದೀಯಲ್ಲೋ! ಒಂದೇ ಕೆಲಸ, ಒತ್ತಡ ಎರಡರಷ್ಟು. ಮಿಕ್ಕ ಒತ್ತಡ ಎಲ್ಲಿಗೆ ಹೋಗುತ್ತೆ ಮೇಸ್ತ್ರಿ? ಗಾಳಿಗಾ?"

ಅವನು ಕೈಯಲ್ಲಿದ್ದ ದಂಡದ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದ. ಮೂಲೆಗೆಸೆದಿದ್ದ ಆ ಎರಡು ದಂಡಗಳು ನೆನಪಾದವು. ಅವು ಎತ್ತಬೇಕಾದ್ದನ್ನು ಎತ್ತಿದ್ದವು. ಎತ್ತಬಾರದ್ದನ್ನೂ ಸವೆದು ಹೋಗುವ ತನಕ ಎತ್ತಿದ್ದವು. ಅವನ್ನು ತಾನು ಜೊಳ್ಳು ಎಂದಿದ್ದ.

ಇಬ್ಬರೂ ಕೂತು ಹಳೆಯ ಸ್ಪ್ರಿಂಗುಗಳನ್ನು ಒಂದೊಂದಾಗಿ ತೂಗಿದರು. ಆರು ಸರಿಯಾಗಿದ್ದವು. ಎರಡು ಕೊಂಚ ಸೋತಿದ್ದವು. ಮೆಕ್ಯಾನಿಕ್ ಆ ಎರಡನ್ನು ಬದಿಗಿಡಲು ಹೋದ. ಅವಳು ಅವನ ಕೈ ಹಿಡಿದು ತಡೆದಳು. ಅವೆರಡರ ಬುಡಕ್ಕೆ ಒಂದೊಂದು ತೆಳು ವಾಷರ್ ಕೊಟ್ಟು ಮತ್ತೆ ತೂಗಿದಳು. ಎಂಟೂ ಸಮವಾದವು. ಮೂರನೆಯ ದಂಡಕ್ಕೆ ಅವೇ ಎಂಟನ್ನು ಜೋಡಿಸಿದರು.

ಒಂದು ವರ್ಷದ ಮೇಲೆ ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿದ. ದಂಡದ ಉಬ್ಬುಗಳು ಹಾಕಿದ ದಿನ ಹೇಗಿದ್ದವೋ ಹಾಗೇ ಹೊಳೆಯುತ್ತಿದ್ದವು. ವ್ಯಾಪಾರಿಯ ಕಾರು ಇವತ್ತಿಗೂ ನಲವತ್ತರಲ್ಲೇ ಓಡುತ್ತಿದೆ.

ಗುರು ಕತೆ ಮುಗಿಸಿದ. ಮಾಳಿಂಗ ತಲೆ ಎತ್ತಿದ.

"ಹಾಗಾದರೆ ಆ ಗಟ್ಟಿ ಸ್ಪ್ರಿಂಗುಗಳೇ ಕೆಟ್ಟವು ಎನ್ನುತ್ತೀರಾ ಗುರುಗಳೇ?"

ಗುರು ಅವನ ಹೆಗಲ ಮೇಲೆ ಕೈ ಇಟ್ಟು ಹೇಳಿದ: "ಕೆಟ್ಟವಲ್ಲ ಮಗಾ, ಎರಡು ದಂಡ ಸವೆದುಹೋದರೂ ಅವುಗಳ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ, ಅಷ್ಟೆ."

ಮಾಳಿಂಗ ಎದ್ದು, ತಾನು ದ್ಯಾವಪ್ಪನ ಮೇಲೆ ಹೊರಿಸಿದ್ದು ಎಷ್ಟೆಂದು ಕೇಳಲು ಅವನ ಮನೆಯ ಕಡೆ ಹೊರಟ.