ಕಾವಲಣ್ಣ ಎಂಬ ಹೆಸರು

ಕಾಡೊಂದರ ನಡುವೆ ಒಂದು ಕೊಳವಿತ್ತು. ಹುಲ್ಲಿನಲ್ಲಿ ಚಿರತೆ ಹೊಂಚು ಹಾಕೀತೆಂದು ಅದರ ದಡದ ಬಂಡೆಯ ಮೇಲೆ ಯಾರಾದರೊಬ್ಬರು ಕಾವಲು ಕೂರುವುದು ಅಲ್ಲಿನ ಪದ್ಧತಿ. ಜಿಂಕೆ, ಮೊಲಗಳು ನೀರಿಗೆ ಬಂದಾಗ, “ಕಾವಲಣ್ಣ, ಇಳಿಯೋಣವೇ?” ಎಂದು ಕೂಗುತ್ತಿದ್ದವು. “ಇಳಿಯಿರಿ” ಎಂಬ ಉತ್ತರ ಬರುವ ತನಕ ಯಾರೂ ಹೆಜ್ಜೆ ಇಡುತ್ತಿರಲಿಲ್ಲ.

ಬಹುಕಾಲ ಕಾವಲಿದ್ದದ್ದು ಮುಸುವ ಜಾತಿಯ ಒಬ್ಬ ಮುದಿ ಕೋತಿ. ಕೊನೆಗಾಲಕ್ಕೆ ಅವನ ಕಣ್ಣು ಮಂಜಾಯಿತು. ಮಗಳು ನಿಂಗವ್ವ ಪಕ್ಕದಲ್ಲಿ ಕೂತು, ಹುಲ್ಲು ಅಲುಗಿದರೆ ಅವನ ಕಿವಿಯಲ್ಲಿ ಹೇಳುತ್ತಿದ್ದಳು. ಕೂಗುತ್ತಿದ್ದವನು ಅಪ್ಪ, ನೋಡುತ್ತಿದ್ದವಳು ಮಗಳು.

ಅಪ್ಪ ತೀರಿಕೊಂಡ ಮೇಲೆ ನಿಂಗವ್ವ ಪ್ರಾಣಿಗಳ ಸಭೆಗೆ ಹೋಗಿ, “ಇನ್ನು ಕಾವಲು ನಾನು ಕೂರುತ್ತೇನೆ” ಎಂದಳು.

ನರಿ ನಕ್ಕಿತು. “ಕೂರು ತಾಯಿ, ಯಾರು ಬೇಡ ಅಂದರು? ಆದರೆ ನಿನ್ನನ್ನು ಅಣ್ಣ ಅಂತ ಕರೆಯೋದು ಹೇಗೆ? ಮೀಸೆ ಅಂಟಿಸಿಕೊಂಡು ಬರ್ತೀಯೋ?”

ಸಭೆಯೆಲ್ಲ ಗೊಳ್ಳೆಂದಿತು. ಹಿರಿಯ ಕಾಡುಕೋಣವೂ ಗೋಣು ಆಡಿಸಿತು. “ಹಿರಿಯರು ಇಟ್ಟ ಹೆಸರು. ಅಣ್ಣ ಅಂದ ಮೇಲೆ ಗಂಡೇ ಇರಬೇಕಲ್ಲವೇ?”

ಗಂಡು ಜಿಂಕೆಗಳಿಗೆ ಬಿಸಿಲಲ್ಲಿ ಕೂರುವ ಮನಸ್ಸಿರಲಿಲ್ಲ. “ಯಾರೂ ಇಲ್ಲದಿದ್ದರೆ ನಾನೇ ಕೂರುತ್ತೇನೆ” ಎಂದಿತು ನರಿ. “ವಯಸ್ಸಾಯಿತು, ಈಗ ನನಗೆ ಹಣ್ಣುಹಂಪಲೇ ಆಹಾರ.” ಸಭೆ ಒಪ್ಪಿತು. ನರಿ ಅಂದೇ ಹೋಗಿ ಚಿರತೆಯ ಜೊತೆ ಮಾತಾಡಿಕೊಂಡಿತು. ಬೇಟೆ ಚಿರತೆಗೆ, ಮಿಕ್ಕಿದ್ದು ನರಿಗೆ.

ಮರುದಿನ ಸಂಜೆ ಜಿಂಕೆಗಳು ಬಂದು ಕೂಗಿದವು. “ಇಳಿಯಿರಿ, ನೀರು ತಣ್ಣಗಿದೆ” ಎಂದಿತು ನರಿ.

ನಿಂಗವ್ವ ದಡದ ಮತ್ತಿಮರದಲ್ಲಿದ್ದಳು. ಗಾಳಿ ಇರಲಿಲ್ಲ, ಆದರೂ ಹುಲ್ಲು ಅಲುಗಿತು. “ನಿಲ್ಲಿ, ಚಿರತೆ ಇದೆ” ಎಂದು ಕೂಗಿದಳು.

“ಅವಳಿಗೆ ಹೊಟ್ಟೆಕಿಚ್ಚು. ಕಾವಲಣ್ಣ ನಾನೋ ಅವಳೋ?” ಎಂದಿತು ನರಿ.

ಜಿಂಕೆಗಳು ಅತ್ತ ಇತ್ತ ನೋಡಿ ಮತ್ತೆ ಹೆಜ್ಜೆ ಇಟ್ಟವು. ನಿಂಗವ್ವ ಒಣಗಿದ ಕೊಂಬೆಯೊಂದನ್ನು ಮುರಿದು ನೇರ ಆ ಹುಲ್ಲಿನ ಮೇಲೆ ಎಸೆದಳು. ಬೆನ್ನಿಗೆ ಏಟು ಬಿದ್ದ ಚಿರತೆ ಗುರ್ರೆಂದು ಎದ್ದಿತು. ಜಿಂಕೆಗಳು ಚದುರಿ ಓಡಿ ಜೀವ ಉಳಿಸಿಕೊಂಡವು.

ಚಿರತೆ ಬಂಡೆಗೆ ನೆಗೆಯಿತು. “ಊಟಕ್ಕೆ ಕರೆದು ಏಟು ಹಾಕಿಸ್ತೀಯಾ?” ನರಿ ಅರ್ಧ ಬಾಲವನ್ನು ಅದರ ಬಾಯಲ್ಲೇ ಬಿಟ್ಟು ಓಡಿದ್ದು, ಆ ಕಾಡಿಗೆ ಮತ್ತೆ ಬರಲಿಲ್ಲ.

ಸಭೆ ಮತ್ತೆ ಸೇರಿತು. “ನೀನೇ ಕೂರು ಮಗಳೇ” ಎಂದಿತು ಕಾಡುಕೋಣ. “ಹೆಸರು ಮಾತ್ರ ಹಾಗೇ ಇರಲಿ. ಅಣ್ಣ ಅಂದರೂ ನೀನೂ ಅದರೊಳಗೆ ಬಂದೆ ಅಂತ ತಿಳಿದುಕೋ. ಬರೀ ಒಂದು ಮಾತು ತಾನೇ?”

“ಮೊನ್ನೆ ನಾನು ಅದರೊಳಗೆ ಬರಲಿಲ್ಲವಲ್ಲ, ಅಜ್ಜ” ಎಂದಳು ನಿಂಗವ್ವ. “ಆ ಬರೀ ಮಾತು ಹಿಡಿದೇ ನನ್ನನ್ನು ಕಳಿಸಿ ನರಿಯನ್ನು ಕೂರಿಸಿದಿರಿ. ಕಾವಲಕ್ಕ ಅನ್ನುವುದೂ ಬೇಡ, ನಾಳೆ ಯಾವ ಅಣ್ಣ ಕೂರುತ್ತಾನೋ. ಕಾವಲಿನವರೇ ಅನ್ನಿ, ಸಾಕು.”

ಕಾಡುಕೋಣ ಆ ಹೆಸರನ್ನು ಮೆಲುಕು ಹಾಕಿತು. “ನಾಲಿಗೆ ತೊಡರುತ್ತದಲ್ಲ, ಮಗಳೇ.”

“ತೊಡರಲಿ ಅಜ್ಜ, ನಾನೇನೂ ಬಯ್ಯುವುದಿಲ್ಲ.”

ಅಂದು ಸಂಜೆ ಕಾಡುಕೋಣವೇ ಮೊದಲು ದಡಕ್ಕೆ ಬಂತು. “ಕಾವಲ...” ಎಂದು ತಡವರಿಸಿತು, ಕೆಮ್ಮಿತು. ಆಮೇಲೆ, “ಕಾವಲಿನವರೇ, ಇಳಿಯೋಣವೇ?” ಎಂದು ಕೇಳಿತು. ಹಿಂದೆ ನಿಂತಿದ್ದ ಜಿಂಕೆಮರಿಗಳಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಮೊದಲಿನಿಂದಲೂ ಹಾಗೇ ಇತ್ತೇನೋ ಎಂಬಂತೆ ಅವೂ ಅದನ್ನೇ ಕೂಗಿದವು.

ನೀತಿ: ಎಲ್ಲರೂ ಮಾಡಬಲ್ಲ ಕೆಲಸಕ್ಕೆ ಗಂಡಿನ ಹೆಸರನ್ನಷ್ಟೇ ಇಟ್ಟರೆ ಯೋಗ್ಯರಾದ ಹೆಣ್ಣುಮಕ್ಕಳು ಹೊರಗೆ ಉಳಿಯುತ್ತಾರೆ; ಎಲ್ಲರಿಗೂ ಒಪ್ಪುವ ಹೆಸರು ಇಡುವುದು ಲೇಸು.