ಚೆಲುವನೂ ಚೀಲದೊಳಗಿನ ಮಡಕೆಯೂ

ಬಿದಿರುಕೊಪ್ಪಲಿನಲ್ಲಿ ಮೂಳೆ ಕಟ್ಟುವ ಮನೆಯೆಂದರೆ ಒಂದೇ ಮನೆ. ಐದು ತಲೆಮಾರಿನಿಂದ ಆ ಮನೆಯವರು ಮುರಿದದ್ದನ್ನು ಕೂಡಿಸಿದವರೇ ಹೊರತು ಕೂಡಿದ್ದನ್ನು ಮುರಿದವರಲ್ಲ. ಮುತ್ತಜ್ಜ ಪಾಳೆಯಗಾರನ ಕುದುರೆಗೆ ಕಾಲು ಕಟ್ಟಿ, ಇಪ್ಪತ್ತೆರಡನೆಯ ದಿನ ಅದನ್ನು ಓಡಿಸಿದ್ದ. ಅಜ್ಜ ಕಣ್ಣು ಹೋದ ಮೇಲೂ ಬರಿಗೈಯಲ್ಲಿ ತಡವಿ ಮೈಯ ಮೂಳೆಗಳನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದ. ಆ ಮನೆಗೆ ಕುಂಟುತ್ತ ಬಂದವರುಂಟು, ಕುಂಟುತ್ತ ಹೋದವರಿಲ್ಲ. ಆ ಮನೆಯ ಹೆಂಗಸರು ಯಾರ ಎದುರಿಗೂ ತಲೆ ತಗ್ಗಿಸಿದ್ದಿಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಶಿಂಗಾರಮ್ಮ. ಇಂಥ ಮನೆಯಲ್ಲಿ ಹುಟ್ಟಿದವನು ಅವಳ ಒಬ್ಬನೇ ಮಗ ಚೆಲುವ. ಹೆಸರಿಗೆ ತಕ್ಕ ರೂಪ. ಬೆರಳುಗಳೂ ಆ ಮನೆಯವೇ, ಉದ್ದ, ಮೃದು. ತಲೆ ಮಾತ್ರ ಯಾರ ಕಡೆಯಿಂದ ಬಂದಿತೋ ದೇವರೇ ಬಲ್ಲ! ಹೇಳಿದ್ದನ್ನು ಮರೆಯುವವನಲ್ಲ. ಮರೆತಿದ್ದರೆ ಎಷ್ಟೋ ವಾಸಿಯಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ.

ಶಿಂಗಾರಮ್ಮನ ಗಂಡ ತೀರಿಹೋಗಿದ್ದ. ವೈದ್ಯವೆಲ್ಲ ಅವಳ ದೊಡ್ಡ ಭಾವ ತಿಮ್ಮಪ್ಪ ಪಂಡಿತರ ಕೈಯಲ್ಲಿತ್ತು. ಪಂಡಿತರಿಗೆ ಮಕ್ಕಳಿಲ್ಲ, ವಯಸ್ಸಾಗಿದೆ. ಒಂದು ದಿನ ಅವರು ಹೇಳಿದರು: "ನೋಡಮ್ಮಾ, ಯುಗಾದಿಗೆ ಮದ್ದಿನ ಪೆಟ್ಟಿಗೆ ಕೈ ಬದಲಾಗಬೇಕು. ನಿನ್ನ ಮಗ ಚೀಲದ ಮಡಕೆ ಕೂಡಿಸಿದರೆ ಅವನಿಗೆ. ಇಲ್ಲದಿದ್ದರೆ ನನ್ನ ಶಿಷ್ಯ, ಪಕ್ಕದೂರಿನ ನಾಗೇಗೌಡನಿಗೆ."

ಚೀಲದ ಮಡಕೆಯೆಂದರೆ ಆ ಮನೆಯ ಪರೀಕ್ಷೆ. ಹೊಸ ಮಡಕೆಯೊಂದನ್ನು ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ದೊಣ್ಣೆಯಿಂದ ಹೊಡೆಯುತ್ತಾರೆ. ಕಲಿತವನು ಚೀಲ ಬಿಚ್ಚದೆ ಹೊರಗಿನಿಂದಲೇ ತಡವಿ, ಚೂರಿಗೆ ಚೂರು ಸೇರಿಸಿ, ಮತ್ತೆ ಮಡಕೆಯಾಗಿ ನಿಲ್ಲಿಸಬೇಕು. ಚರ್ಮದ ಒಳಗಿನ ಮೂಳೆ ಕಣ್ಣಿಗೆ ಕಾಣುತ್ತದೆಯೇ? ಹಾಗೆ.

ಐದು ತಲೆಮಾರಿನ ಪೆಟ್ಟಿಗೆ ಪಕ್ಕದೂರಿಗೆ ಹೋಗುವುದೇ! ಶಿಂಗಾರಮ್ಮ ಅಂದೇ ಮಗನ ತಲೆಗೆ ಎಣ್ಣೆ ಒತ್ತಿ, ಬಿಳಿ ಪಂಚೆ ಉಡಿಸಿ, ದೊಡ್ಡಪ್ಪನ ಮುಂದೆ ಕೂರಿಸಿದಳು.

ಪಂಡಿತರು ಅಂಗಡಿ ಪುಟ್ಟಶೆಟ್ಟರನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. "ನಾಡಿ ಎಂದರೇನು? ಗುಂಡಿಗೆಯ ಬಡಿತ ಮಣಿಕಟ್ಟಿಗೆ ಬಂದು ಹೇಳುವ ಸುದ್ದಿ. ಮೂರು ಬೆರಳಿಟ್ಟು ಹೀಗೆ ಹಿಡಿ. ಹಿಡಿದ ಮೇಲೆ ಬಿಡಬೇಡ." ಅಷ್ಟರಲ್ಲಿ ಯಾರದೋ ಎತ್ತು ಬಿದ್ದಿದೆಯೆಂದು ಕರೆ ಬಂತು. ಪಂಡಿತರು ಎದ್ದು ಹೋದರು.

ಚೆಲುವ ಹಿಡಿದ. ಬಿಡಲಿಲ್ಲ.

"ಸಾಕು ಬಿಡಪ್ಪಾ," ಎಂದರು ಶೆಟ್ಟರು. ಬಿಡಲಿಲ್ಲ. "ಅಂಗಡಿ ತೆಗೀಬೇಕು ಕಣೋ!" ಅಂಗಡಿಗೂ ಜೊತೆಯಲ್ಲೇ ಹೋದ. ಶೆಟ್ಟರು ಒಂದೇ ಕೈಯಲ್ಲಿ ಬೆಲ್ಲ ತೂಗಿದರು, ಒಂದೇ ಕೈಯಲ್ಲಿ ಪೊಟ್ಟಣ ಕಟ್ಟಿದರು. ಊಟಕ್ಕೆ ಕೂತರು, ಬಲಗೈ ಚೆಲುವನ ವಶ. ಶೆಟ್ಟರ ಹೆಂಡತಿ ಗಂಡನಿಗೆ ತುತ್ತು ಮಾಡಿ ತಿನ್ನಿಸಿದಳು. ಮದುವೆಯಾಗಿ ಮೂವತ್ತು ವರ್ಷದ ಮೇಲೆ ಇದೇನು ಗ್ರಹಚಾರವೆಂದು ನಾಚಿಕೊಂಡಳು.

ಸುದ್ದಿ ಶಿಂಗಾರಮ್ಮನಿಗೆ ಮುಟ್ಟಿತು. ಓಡಿ ಬಂದಳು. "ಅಯ್ಯೋ ನನ್ನ ಪೆದ್ದುಮಗನೇ! ಇದೇನೋ ಇದು?"

"ನಾಡಿ ಅವ್ವಾ. ಗುಂಡಿಗೆಯ ಬಡಿತ ಮಣಿಕಟ್ಟಿಗೆ ಬಂದು ಹೇಳುವ ಸುದ್ದಿ. ಹಿಡಿದ ಮೇಲೆ ಬಿಡಬೇಡ ಅಂದರು ದೊಡ್ಡಪ್ಪ."

"ಹಿಡಿದು, ಮೂರು ಎಣಿಸಿ, ಬಿಟ್ಟುಬಿಡಬೇಕು! ತಿಳಿಯಿತೇ? ಮೊದಲು ಶೆಟ್ಟರಿಗೆ ತಪ್ಪಾಯಿತು ಅನ್ನು. ನೋಯಿಸಿದವರು ನಿಂತ ಜಾಗದಲ್ಲೇ ತಪ್ಪಾಯಿತು ಅನ್ನಬೇಕು. ಎಷ್ಟೇ ದೊಡ್ಡವರಾಗಲಿ! ಅದು ನಮ್ಮ ಮನೆಯ ಮರ್ಯಾದೆ."

"ತಪ್ಪಾಯಿತು ಶೆಟ್ಟರೇ," ಎಂದ ಚೆಲುವ. "ಹಿಡಿದು, ಮೂರು ಎಣಿಸಿ, ಬಿಟ್ಟುಬಿಡಬೇಕು," ಎಂದು ದಾರಿಯುದ್ದಕ್ಕೂ ಹೇಳಿಕೊಂಡ.

ಮಾರನೆಯ ದಿನ ಗಾಡಿಯಿಂದ ಬಿದ್ದ ಸಿದ್ದೇಗೌಡನನ್ನು ಹೊತ್ತು ತಂದರು. ಭುಜದ ಕೀಲು ತಪ್ಪಿತ್ತು. ಪಂಡಿತರು ಕೇಳಿದರು: "ಚೆಲುವಾ, ಕೀಲು ಎಂದರೇನು?"

"ಮೂಳೆ ಮೂಳೆ ಸೇರಿ ತಿರುಗುವ ಜಾಗ, ದೊಡ್ಡಪ್ಪಾ!"

"ಭೇಷ್! ನಾನು ಕೈ ಹಿಡಿದು ಈ ಕಡೆ ಎಳೆಯುತ್ತೇನೆ. ನೀನು ಗೌಡನ ಸೊಂಟ ಹಿಡಿದು ಆ ಕಡೆ ಎಳಿ."

ಚೆಲುವ ಸೊಂಟ ಹಿಡಿದ. ಪಂಡಿತರು ಕಾಲು ಊರಿ ಎಳೆದರು. ಚೆಲುವ ಎಣಿಸಿದ. ಒಂದು. ಎರಡು. ಮೂರು. ಬಿಟ್ಟ!

ಪಂಡಿತರು ಹಿಂದಕ್ಕೆ, ಗೌಡ ಅವರ ಮೇಲೆ. ಇಬ್ಬರೂ ಜಗಲಿ ದಾಟಿ, ಮೆಟ್ಟಿಲಿಳಿದು, ಅಂಗಳದಲ್ಲಿ ಒಣಹಾಕಿದ್ದ ರಾಗಿಯ ಮೇಲೆ ಬಿದ್ದರು. ಕೀಲೇನೋ ಆ ರಭಸಕ್ಕೆ ಲಟಕ್ಕನೆ ಕೂತುಕೊಂಡಿತ್ತು. ಆದರೆ ಪಂಡಿತರಿಗೆ ಏಳಲಾಗಲಿಲ್ಲ.

"ಮುಟ್ಠಾಳ! ಯಾಕೋ ಬಿಟ್ಟೆ?"

"ಹಿಡಿದು, ಮೂರು ಎಣಿಸಿ, ಬಿಟ್ಟುಬಿಡಬೇಕು ಅಂದಳು ಅವ್ವ."

"ಅಯ್ಯೋ ನನ್ನ ಪೆದ್ದುಮಗನೇ!" ಎಂದು ಒಳಗಿನಿಂದ ಶಿಂಗಾರಮ್ಮ ಬಂದಳು. "ತಪ್ಪಾಯಿತು ಅನ್ನು!"

"ತಪ್ಪಾಯಿತು ದೊಡ್ಡಪ್ಪಾ. ತಪ್ಪಾಯಿತು ಗೌಡರೇ. ತಪ್ಪಾಯಿತು ರಾಗಿಯೇ."

"ರಾಗಿಗೆ ಯಾಕೋ?"

"ಅದರ ಮೇಲೂ ಬಿದ್ದರಲ್ಲ ಅವ್ವಾ."

ಪಂಡಿತರು ಸೊಂಟ ಹಿಡಿದುಕೊಂಡೇ ಗದರಿದರು. "ಸುಮ್ಮನೆ ಕೇಳು! ನೋವಿದ್ದ ಜಾಗ ಅಲುಗಾಡಬಾರದು. ಎಲ್ಲಿ ನೋವೋ ಅಲ್ಲಿ ಮೊಟ್ಟೆಯ ಬಿಳಿ ಬಳಿದು, ಬಿದಿರು ದಬ್ಬೆಯಿಟ್ಟು, ಬಟ್ಟೆ ಸುತ್ತಿ ಬಿಗಿಯಬೇಕು. ಇಪ್ಪತ್ತೊಂದು ದಿನ ಬಿಚ್ಚಬಾರದು."

"ಎಲ್ಲಿ ನೋವೋ ಅಲ್ಲಿ ದಬ್ಬೆ," ಎಂದು ಚೆಲುವ ತಲೆಯಾಡಿಸಿದ.

ಪಂಡಿತರು ಮಲಗಿದ್ದಾಗ ಹರಿಕಥೆಯ ರಂಗದಾಸರು ಬಂದರು. ಮಧ್ಯಾಹ್ನ ಊರಿನಲ್ಲಿ ಅವರ ಕಥೆ. ಬೆಳಗಿನಿಂದ ಹಲ್ಲುನೋವು. "ಒಂದು ಲವಂಗದೆಣ್ಣೆ ಇದ್ದರೆ ಕೊಡಪ್ಪಾ, ದವಡೆಯೆಲ್ಲ ಸಿಡೀತಾ ಇದೆ."

"ದವಡೆ ಎಂದರೆ ಹಲ್ಲು ನಾಟಿಕೊಂಡಿರುವ ಮೂಳೆ!" ಎಂದ ಚೆಲುವ. ಬಾಯಿಪಾಠ ಸರಿಯಾಗಿಯೇ ಇತ್ತು. "ಕೂತುಕೊಳ್ಳಿ ದಾಸರೇ."

ಮೊಟ್ಟೆಯ ಬಿಳಿ ಬಳಿದ. ಮೇಲೆರಡು ದಬ್ಬೆ, ಕೆಳಗೆರಡು ದಬ್ಬೆ ಇಟ್ಟ. ಗದ್ದದಿಂದ ನೆತ್ತಿಗೆ, ನೆತ್ತಿಯಿಂದ ಗದ್ದಕ್ಕೆ ಬಟ್ಟೆ ಬಿಗಿದ. ದಾಸರು "ಹ್ಞೂಂ! ಹ್ಞೂಂ!" ಎಂದರು.

"ಇಪ್ಪತ್ತೊಂದು ದಿನ ದಾಸರೇ."

ಜನ ಸೇರಿತ್ತು. ದಾಸರು ತಾಳದ ಚಿಟಿಕೆ ಹಿಡಿದು ನಿಂತರು, ಬಾಯಿ ತೆರೆಯಲಾಗಲಿಲ್ಲ. ಕೈಯಲ್ಲೇ ಸಮುದ್ರ ಹಾರಿದರು, ಕಣ್ಣಲ್ಲೇ ಲಂಕೆ ಸುಟ್ಟರು. ಮುದುಕಿಯರು ಕಣ್ಣೀರಿಟ್ಟರು, ಹುಡುಗರು ಶಿಳ್ಳೆ ಹೊಡೆದರು. ಇಂಥ ಕಥೆ ಹಿಂದೆಂದೂ ಕೇಳಿರಲಿಲ್ಲವೆಂದು ಊರೆಲ್ಲ ಕೊಂಡಾಡಿತು. ಆದರೆ ಸಭೆಯಲ್ಲಿದ್ದ ನಾಗೇಗೌಡ ಎಲ್ಲರಿಗೂ ಕೇಳುವ ಹಾಗೆ ಅಂದ: "ಶಿಂಗಾರಮ್ಮೋರೇ, ಪೆಟ್ಟಿಗೇಲಿ ಜಿರಲೆ ಸೇರದ ಹಾಗೆ ನೋಡ್ಕೊಂಡಿರಿ. ಯುಗಾದಿಗೆ ಗಾಡಿ ತರ್ತೀನಿ."

ಎಲ್ಲರೂ ನಕ್ಕರು. ಶಿಂಗಾರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಎದ್ದಳು, ನೆಟ್ಟಗೆ ನಡೆದಳು, ಮನೆಗೆ ಬಂದ ಮೇಲೆ ಒಲೆಯ ಮುಂದೆ ಕುಸಿದಳು.

"ಅಯ್ಯೋ ನನ್ನ ಪೆದ್ದುಮಗನೇ! ಕಂಡ ಕಂಡಲ್ಲಿ ಕಟ್ಟುತ್ತಾರೇನೋ? ಹೋಗಿ ಬಿಚ್ಚು! ರೋಗಿಯನ್ನು ಮೊದಲು ಮಾತಾಡಿಸಬೇಕು. ಎಲ್ಲಿ ನೋವು, ಹೇಗೆ ನೋವು ಎಂದು ಕೇಳಬೇಕು. ಅವರು ಬಾಯಿಬಿಟ್ಟು ಹೇಳುವವರೆಗೆ ಕೈ ಹಚ್ಚಬಾರದು!"

"ಕೈ ಹಚ್ಚುವುದಿಲ್ಲ ಅವ್ವಾ," ಎಂದ ಚೆಲುವ. ಹೋಗಿ ದಾಸರ ಕಟ್ಟು ಬಿಚ್ಚಿ ತಪ್ಪಾಯಿತು ಎಂದು ಬಂದ. ದಾಸರು ಬಾಯಿ ತೆರೆದು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಯುಗಾದಿ ಬಂತು. ಬೇವು ಬೆಲ್ಲ ಹಂಚಿ ಆಯಿತು. ಜಗಲಿಯ ಮೇಲೆ ಮದ್ದಿನ ಪೆಟ್ಟಿಗೆ, ಅಂಗಳದಲ್ಲಿ ನಾಗೇಗೌಡನ ಗಾಡಿ. ಊರ ಹಿರಿಯರು ಸಾಲಾಗಿ ಕೂತರು. ಪಂಡಿತರು ಮಡಕೆಯನ್ನು ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ದೊಣ್ಣೆಯೆತ್ತಿ ಒಂದು ಬಾರಿಸಿದರು. ಫಳ್! ಇನ್ನೊಂದು. ಫಳ್!

"ಹ್ಞೂಂ, ಶುರು ಮಾಡು."

ಚೆಲುವ ಚೀಲದ ಮುಂದೆ ಕೂತ. ಬಗ್ಗಿ ಕೇಳಿದ: "ಎಲ್ಲಿ ನೋವು?"

ಚೀಲ ಸುಮ್ಮನಿತ್ತು.

"ಹೇಗೆ ನೋವು? ಚುಚ್ಚುತ್ತದೆಯೋ, ಸಿಡಿಯುತ್ತದೆಯೋ?"

ಚೀಲ ಸುಮ್ಮನಿತ್ತು. ಚೆಲುವ ಕೈಕಟ್ಟಿ ಕೂತ. ಹಿರಿಯರು ಕೆಮ್ಮಿದರು. ಪುಟ್ಟಶೆಟ್ಟರು ಮೈಮರೆತು ತಮ್ಮ ಮಣಿಕಟ್ಟು ಸವರಿಕೊಂಡರು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ನಾಗೇಗೌಡ ಎದ್ದು ಎತ್ತಿಗೆ ನೊಗ ಕಟ್ಟತೊಡಗಿದ.

ಬಾಗಿಲಲ್ಲಿ ನಿಂತಿದ್ದ ಶಿಂಗಾರಮ್ಮ ಮುಂದೆ ಬಂದಳು. ಬೈಯಲು ಬಾಯಿ ತೆರೆದಳು. ಬೈದು ಬೈದು ಏನಾಯಿತು? ಪ್ರತಿ ಸಲವೂ ಅವನು ಹೇಳಿದ ಹಾಗೆಯೇ ಮಾಡಿದ್ದ. ಈ ಸಲ ಹೇಳುವುದನ್ನೇ ಸರಿಯಾಗಿ ಹೇಳಬೇಕು. ಮೆಲ್ಲಗೆ ಕರೆದಳು: "ಚೆಲುವಾ. ಅದು ಮಾತು ಬಾರದ ಮಗು ಕಣೋ."

"ಹೌದೇ ಅವ್ವಾ?"

"ಹೌದು. ಎಳೆಯ ಮಗುವಾಗಿದ್ದಾಗ ನಿನಗೆ ಎಲ್ಲಿ ನೋವೆಂದು ನಾನು ಹೇಗೆ ತಿಳಿಯುತ್ತಿದ್ದೆ? ಮೈಯೆಲ್ಲ ತಡವಿ. ನೀನೂ ತಡವು. ಸರಿಹೋಗುವವರೆಗೆ ತಡವು."

ಚೆಲುವ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. ಕಣ್ಣು ಮುಚ್ಚಿದ. ಉದ್ದನೆಯ ಬೆರಳುಗಳು ಗೋಣಿಯ ಮೇಲೆ ನಡೆದವು. "ಇದು ಕುತ್ತಿಗೆ, ಕಂದಾ. ಇದು ಭುಜ. ಇದು ಪಕ್ಕೆ, ಇದರ ಜೊತೆ ಇದು. ಅಳಬೇಡ. ಇದು ಬೆನ್ನು." ಒಳಗೆ ಚೂರಿಗೆ ಚೂರು ಕಿರಿಕ್ ಕಿರಿಕ್ ಎಂದು ಸೇರುತ್ತ ಹೋಯಿತು. ಸುತ್ತಲೂ ದಬ್ಬೆಯಿಟ್ಟ, ಬಟ್ಟೆ ಬಿಗಿದ, ನೆಲದ ಮೇಲೆ ನಿಲ್ಲಿಸಿದ.

ಹಿರಿಯರು ಒಬ್ಬೊಬ್ಬರಾಗಿ ಬಂದು ತಡವಿದರು. ಇಡೀ ಮಡಕೆ! ಕಂಠದಿಂದ ತಳದವರೆಗೆ ಒಂದು ಚೂರು ತಪ್ಪಿರಲಿಲ್ಲ. "ಅಜ್ಜನ ಕೈ!" ಎಂದರು ಪುಟ್ಟಶೆಟ್ಟರು. ನಾಗೇಗೌಡ ನೊಗ ಬಿಚ್ಚಿದ. ಶಿಂಗಾರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಯೆತ್ತಿ, ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು.

ಪಂಡಿತರು ಎರಡು ಕೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಬಂದರು. "ತಗೋ ಮಗನೇ. ಇನ್ನು ಇದು ನಿನ್ನದು."

ಚೆಲುವ ಕೈ ಚಾಚಲಿಲ್ಲ. ಮಡಕೆಯನ್ನು ಎದೆಗೆ ಅವುಚಿಕೊಂಡು ನಿಂತ.

"ತಗೊಳ್ಳೋ!" ಎಂದಳು ಶಿಂಗಾರಮ್ಮ.

"ಇರು ಅವ್ವಾ." ಚೆಲುವ ದೊಡ್ಡಪ್ಪನ ಕಡೆ ತಿರುಗಿದ. "ಮಾತು ಬಾರದ ಮಗುವಿಗೆ ದೊಣ್ಣೆಯಲ್ಲಿ ಎರಡು ಸಲ ಹೊಡೆದಿದ್ದೀರಿ ದೊಡ್ಡಪ್ಪಾ. ತಪ್ಪಾಯಿತು ಅನ್ನಿ."